ತುಂಬಿ ಚೆಲ್ಲುವ ಪುಡಿ

ಸೆಪ್ಟೆಂಬರ್ 14, ಭಾನುವಾರ

ಕೋಪ ಇಳಿಯಲಿ ಎಂದು ಜಪಕ್ಕೆ ಕೂತೆ. ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೌತ್‌ಲೇಕ್‌ನಲ್ಲಿರುವ ನಮ್ಮ ಯಜಮಾನರ ಗೆಳೆಯ ಪ್ರಭಂಜನ ಅವರ ಮನೆಯಿಂದ ಬೆಳಿಗ್ಗೆ ಹನ್ನೊಂದಕ್ಕೆ ಹೊರಟವರು ಸೈಪ್ರೆಸ್‌ನ ನಮ್ಮ ಮನೆ ಮುಟ್ಟಿದ್ದು ಸಂಜೆ ಐದೂವರೆಗೆ. ನಾಲ್ಕು ಗಂಟೆಯ ದಾರಿ. ಗ್ರ್ಯಾಂಡ್ ಪಾರ್ಕ್‌ವೇ ಹೆದ್ದಾರಿಯ ತಿರುವು ಬಿಟ್ಟು ಇವರು ನೇರವಾಗಿ ಹೂಸ್ಟನ್ ಊರೊಳಕ್ಕೆ ಹೋಗಿಬಿಟ್ಟರು. ನೂರು ಸಲ ತಿರುಗಿದ ತಿರುವು. ತಿರುಗುವುದು ಹೇಗೆ, ದಾರಿಯುದ್ದಕ್ಕೂ ಅವರೊಡನೆ ಫೋನಿನಲ್ಲಿ ಬಂದೂಕಿನ ಪುಡಿಯ ಮಾತು. ಎರಡು ದಿನ ಎದುರಾಬದುರು ಕೂತು ಮಾತಾಡಿದ್ದು ಸಾಲದೆ ಕಾರು ಹತ್ತಿದ ಮೇಲೂ ಅದೇ.

ಇವರು ಮೂವತ್ತು ವರ್ಷ ಎಣ್ಣೆ ಪೈಪುಗಳ ಒತ್ತಡ ಅಳೆಯುವ ಕೆಲಸ ಮಾಡಿದವರು. ನಿವೃತ್ತರಾದರೆ ಕಾಶಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ನಿವೃತ್ತರಾಗಿ ಹದಿನಾಲ್ಕು ತಿಂಗಳಾಯಿತು. ಕಾಶಿಯ ಬದಲು ಗರಾಜಿಗೆ ಹೋಗುತ್ತಾರೆ. ಅಲ್ಲಿ ಮೂರು ಪಿಸ್ತೂಲು, ಗುಂಡು ಒತ್ತುವ ಒಂದು ಕಬ್ಬಿಣದ ಪ್ರೆಸ್. ಒಮ್ಮೆ ಹಾರಿಸಿದ ಗುಂಡಿನ ಹಿತ್ತಾಳೆ ಕೇಸನ್ನು ಬಿಸಾಡದೆ ಹೆಕ್ಕಿ ತಂದು, ತೊಳೆದು, ತಳಕ್ಕೆ ಕಿಡಿ ಕೊಡುವ ಬಿಲ್ಲೆ ಕೂರಿಸಿ, ಪುಡಿ ತುಂಬಿ, ಮೇಲೆ ಸೀಸದ ಗುಂಡು ಒತ್ತಿ ಮತ್ತೆ ಹೊಸದು ಮಾಡುತ್ತಾರೆ. ನಾನು ಹಳೇ ಸೀರೆಯಲ್ಲಿ ಕೌದಿ ಹೊಲಿದರೆ ಜಿಪುಣತನ. ಇವರು ಹಳೇ ಕೇಸ್ ಹೆಕ್ಕಿದರೆ ಹಾಬಿ.

ಮೂರು ಪಿಸ್ತೂಲಿಗೆ ಮೂರು ಅಳತೆಯ ಗುಂಡು: ಒಂಬತ್ತು ಮಿಲಿಮೀಟರಿನದಕ್ಕೆ ಒಂದು ಪುಡಿ, ಮೂವತ್ತೆಂಟಕ್ಕೆ ಇನ್ನೊಂದು, ನಲವತ್ತೈದಕ್ಕೆ ಮತ್ತೊಂದು ಒಳ್ಳೆಯದಂತೆ. ಇವರಿಗೆ ಮೂರಕ್ಕೂ ಆಗುವ ಒಂದೇ ಪುಡಿ ಬೇಕು. ಅದು ಯಾವುದು ಎಂದು ಮೂರು ತಿಂಗಳಿಂದ ಓದುತ್ತಿದ್ದಾರೆ.

"ಗುರಣ್ಣ, ಹೊಸಾದೇನೂ ಹುಡುಕಬ್ಯಾಡ್ರಿ. ನಾ ಹೇಳಿದ್ದು ತಗೋರಿ. ಚಿಟಿಕಿ ಹಾಕಿದ್ರ ಸಾಕು, ಒಂದು ಬಾಟ್ಲಿ ವರ್ಷಗಟ್ಟಲೆ ಬರ್ತದ," ಎಂದು ಪ್ರಭಂಜನ. ಆಪರೇಷನ್ ಟೇಬಲ್ಲಿನ ಮೇಲೆ ಜನರಿಗೆ ಎಚ್ಚರ ತಪ್ಪಿಸುವ ಡಾಕ್ಟರಾಗಿದ್ದವರು. ಈಗ ನನ್ನ ಗಂಡನಿಗೆ ಎಚ್ಚರ ತಪ್ಪಿಸುತ್ತಿದ್ದಾರೆ.

ಮನೆಗೆ ಬಂದವಳೇ ದೇವರ ಮುಂದೆ ನಿಂತು ಇವರಿಗೆ ಕೇಳುವಂತೆ ಹೇಳಿದೆ: "ಆ ಬಂದೂಕಿನ ಸಾಮಾನು ಒಂದನ್ನೂ ನಾನು ಈ ಕೈಯಲ್ಲಿ ಮುಟ್ಟಲ್ಲ. ಸತ್ಯ."

"ಅಷ್ಟು ಮಾಡು ಸಾಕು ನಳಿನಿ. ನಾನೂ ಅದನ್ನೇ ಕೇಳೋದು," ಎಂದರು. ನಗುತ್ತಾ ಹೇಳಿದರು. ಅದಕ್ಕೆ ಇನ್ನಷ್ಟು ಕೋಪ ಬಂತು.

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ

ತರ್ಪಣಕ್ಕೆ ಎಳ್ಳು, ದರ್ಭೆ, ನೀರು ಎಲ್ಲ ಇಟ್ಟುಕೊಟ್ಟೆ. ಅಪ್ಪನ ಹೆಸರು ಹೇಳಿದರು, ತಾತನದು ಹೇಳಿದರು. ಮುತ್ತಾತನ ಹತ್ತಿರ ನಿಂತುಬಿಟ್ಟರು. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಬಾಗಿಲ ಹೊರಗಿನಿಂದ "ವೆಂಕಟರಮಣ" ಎಂದೆ.

"ಗೊತ್ತು, ಗೊತ್ತು," ಎಂದರು.

ಗೊತ್ತಿದ್ದರೆ ಬಾಯಿಗೆ ಬರಬೇಕಿತ್ತು. ಮೂವತ್ತು ವರ್ಷ ಪ್ರತಿ ಅಮಾವಾಸ್ಯೆ ಹೇಳಿದ ಹೆಸರು. ಪುಡಿಗಳ ಹೆಸರು ಕೇಳಿ, ಇಪ್ಪತ್ತು ಹೇಳುತ್ತಾರೆ, ಯಾವುದು ಬೇಗ ಉರಿಯುತ್ತದೆ, ಯಾವುದು ನಿಧಾನ ಎಂಬುದರ ಸಮೇತ. ತಲೆಯಲ್ಲಿ ಜಾಗ ಇರುವುದೇ ಇಷ್ಟು. ಅದರಲ್ಲಿ ಬಂದೂಕು ತುಂಬಿಕೊಂಡರೆ ಪಿತೃಗಳು ಎಲ್ಲಿ ಕೂರಬೇಕು?

ಸೆಪ್ಟೆಂಬರ್ 29, ಸೋಮವಾರ

ನಾಡಿದ್ದು ಆಯುಧ ಪೂಜೆ. ಗರಾಜು ಕಸದ ಕೊಂಪೆ. ಇವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಸೆರಗು ಸಿಕ್ಕಿಸಿಕೊಂಡು ನಾನೇ ಇಳಿದೆ. ಮುಟ್ಟುವುದಿಲ್ಲ ಎಂದದ್ದು ಬಂದೂಕನ್ನು. ಕಸ ಗುಡಿಸಿದರೆ ಅದು ಮುಟ್ಟಿದ ಹಾಗಲ್ಲ.

ಶೆಲ್ಫಿನಲ್ಲಿ ಎರಡು ಪುಡಿ ಬಾಟಲಿ, ಎರಡೂ ಅರ್ಧಂಬರ್ಧ. ನನ್ನ ತಾಯಿ ಮನೆಯಲ್ಲಿ ಎರಡು ಅರೆ ಡಬ್ಬಿ ಇಡಲು ಬಿಡುತ್ತಿರಲಿಲ್ಲ, ಅರೆ ಡಬ್ಬಿ ದರಿದ್ರಕ್ಕೆ ದಾರಿ ಎನ್ನುತ್ತಿದ್ದರು. ರವೆಯೋ ಬೇಳೆಯೋ, ಉಳಿದದ್ದನ್ನು ಒಂದಕ್ಕೆ ಸುರಿದು ಇನ್ನೊಂದನ್ನು ಖಾಲಿ ಮಾಡಬೇಕು. ಮೂರಕ್ಕೂ ಒಂದೇ ಪುಡಿ ಎಂದು ಮೂರು ತಿಂಗಳು ಬಾಯಿ ಹರಿದುಕೊಂಡವರಿಗೆ ಎರಡು ಬಾಟಲಿ ಯಾಕೆ? ಎರಡೂ ಕಪ್ಪು. ಒಂದು ಸ್ವಲ್ಪ ಚಪ್ಪಟೆ, ಒಂದು ಸ್ವಲ್ಪ ದುಂಡು. ಒಂದರೊಳಕ್ಕೆ ಇನ್ನೊಂದನ್ನು ಸುರಿದು, ಕುಲುಕಿ, ಶೆಲ್ಫಿನ ಮೇಲಿಟ್ಟೆ. ಖಾಲಿಯಾದದ್ದನ್ನು ಮೂರು ಸಲ ತೊಳೆದು, ಬಿಸಿಲಿಗಿಟ್ಟು, ರಂಗೋಲಿ ಪುಡಿ ತುಂಬಿಸಿದೆ. ಬಾಯಿ ಅಗಲ, ಮುಚ್ಚಳ ಗಟ್ಟಿ. ಈ ಪುಡಿ ಹುಚ್ಚಿನಿಂದ ನನಗೆ ಆದ ಲಾಭ ಇದೊಂದೇ.

ಅಕ್ಟೋಬರ್ 1, ಆಯುಧ ಪೂಜೆ

ಕಾರಿಗೆ, ಮಿಕ್ಸಿಗೆ, ಹೊಲಿಗೆ ಮೆಷಿನ್ನಿಗೆ ನಾನು ಕುಂಕುಮ ಇಟ್ಟೆ. ಪ್ರೆಸ್ಸಿಗೆ ನೀವೇ ಇಡಿ ಎಂದು ಬಟ್ಟಲು ಇವರ ಕೈಗೆ ಕೊಟ್ಟೆ. ಇಟ್ಟರು, ಕೈ ಮುಗಿದರು, "ಗರಾಜು ಲಕಲಕ ಅಂತಿದೆ ನಳಿನಿ, ಥ್ಯಾಂಕ್ಸ್" ಎಂದರು. ಶೆಲ್ಫಿನ ಕಡೆ ನೋಡಲಿಲ್ಲ. ಬಾಗಿಲಲ್ಲಿ ದೊಡ್ಡ ರಂಗೋಲಿ ಹಾಕಿದೆ.

ಅಕ್ಟೋಬರ್ 4, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಗರಾಜಿಗೆ ಹೋದವರು ಹತ್ತೂಕಾಲಿಗೆ ಒಳಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಮುಖ ಸುಣ್ಣದ ಹಾಗಿತ್ತು.

"ನಳಿನಿ, ನಾನು ಎರಡು ಪುಡಿ ಬೆರೆಸಿಬಿಟ್ಟಿದೀನಿ."

ಹುರುಳಿಕಾಯಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ.

"ಯಾವಾಗ ಬೆರೆಸಿದೆ ಅಂತಾನೇ ಗೊತ್ತಿಲ್ಲ. ಒಂದು ಬಾಟ್ಲಿ ಇಲ್ಲವೇ ಇಲ್ಲ. ಏನು ಮಾಡಿದೆ ನಾನು ಅದನ್ನ? ನನ್ನ ಪುಸ್ತಕದಲ್ಲಿ ಎರಡರ ತೂಕವೂ ಬರೆದಿದೆ. ಕೂಡಿಸಿದರೆ ಸರಿಯಾಗಿ ಇದರಲ್ಲಿ ಇರುವಷ್ಟೇ." ಕೈ ನೋಡಿಕೊಂಡರು. "ಇದರಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬೆರೆತ ಪುಡಿ ಎಷ್ಟು ಒತ್ತಡ ಕೊಡತ್ತೆ ಅಂತ ಯಾರೂ ಹೇಳಕ್ಕಾಗಲ್ಲ. ಗಮನಿಸದೆ ತುಂಬಿದ್ದಿದ್ರೆ ಪಿಸ್ತೂಲು ಕೈಯಲ್ಲೇ ಒಡೆದುಹೋಗ್ತಿತ್ತು."

ನನ್ನನ್ನು ಕೇಳಲಿಲ್ಲ. ನೀನು ಏನಾದರೂ ಮುಟ್ಟಿದೆಯಾ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದವರಿಗೆ ನಾನಾಗಿ ಯಾಕೆ ಹೇಳಲಿ? ಅಂಥ ಅಪಾಯದ ವಸ್ತುವನ್ನು ಮನೆಯೊಳಗೆ ತಂದಿಟ್ಟವರು ಯಾರು? ನಾನಾ?

ಆ ಬಾಟಲಿಗೆ ಕೆಂಪು ಟೇಪು ಸುತ್ತಿ ಬಳಸಬಾರದು ಎಂದು ಬರೆದಿಟ್ಟಿದ್ದಾರೆ. ಪ್ರೆಸ್ಸಿಗೆ ಬಟ್ಟೆ ಮುಚ್ಚಿದ್ದಾರೆ. ಒಳ್ಳೆಯದೇ ಆಯಿತು. ನಾನು ಬೇಡಿಕೊಂಡದ್ದೂ ಇದನ್ನೇ.

ಅಕ್ಟೋಬರ್ 5, ಭಾನುವಾರ

ರಂಗೋಲಿ ಬಾಟಲಿಯನ್ನು ಲಾಂಡ್ರಿ ರೂಮಿನ ಮೇಲಿನ ಶೆಲ್ಫಿನಲ್ಲಿ, ಸೋಪಿನ ಡಬ್ಬಗಳ ಹಿಂದೆ ಇಟ್ಟೆ. ಅಲ್ಲಿದ್ದರೆ ತೇವ ಆಗುವುದಿಲ್ಲ.

ಅಕ್ಟೋಬರ್ 9, ಗುರುವಾರ

ಪ್ರಭಂಜನ ಫೋನ್ ಮಾಡಿದ್ದರು. ಇವರು ಸ್ಪೀಕರಿನಲ್ಲಿಟ್ಟಿದ್ದರು. ನಾನು ಬಟ್ಟೆ ಮಡಿಸುತ್ತಿದ್ದೆ.

"ಗುರಣ್ಣ, ಮನ್ಯಾಗ ಬ್ಯಾರೆ ಯಾರರೆ ಕೈ ಹಚ್ಚಿರಬೇಕು ನೋಡ್ರಿ. ವೈನಿಯವ್ರನ್ನ ಕೇಳಿದ್ರೇನು?"

"ಇಲ್ಲಪ್ಪ. ಅವಳು ಮುಟ್ಟಲ್ಲ. ದೇವರ ಮುಂದೆ ಹೇಳಿದಾಳೆ."

"ಹಂಗಾರ ಮುಗೀತು ಬಿಡ್ರಿ," ಎಂದರು ಅವರು.

ಪ್ರಭಂಜನ ಅವರಿಗೆ ನನ್ನ ಮೇಲೆ ಅನುಮಾನ. ಎಂಥ ಧೈರ್ಯ. ನನ್ನ ಮನೆಯಲ್ಲಿ ಹೋಳಿಗೆ ತಿಂದ ಬಾಯಿ. ಇಡೀ ದಿನ ಅವರನ್ನು ಬೈದುಕೊಂಡೆ. ಇವರ ಅಂಗಿಗಳನ್ನು ಎರಡು ಸಲ ಇಸ್ತ್ರಿ ಮಾಡಿದೆ.

ಅಕ್ಟೋಬರ್ 12, ಭಾನುವಾರ

ಆಸ್ಟಿನ್‌ನಿಂದ ಮಗಳು ಸುಮೇಧಾ ಬಂದಿದ್ದಳು. ಅಪ್ಪ ಮಗಳು ಅಂಗಳದಲ್ಲಿ ಕೂತು ಒಂದು ಗಂಟೆ ಮಾತಾಡಿದರು. ಆಮೇಲೆ ಅಡುಗೆಮನೆಗೆ ಬಂದು ಬಾಗಿಲು ಹಾಕಿದಳು.

"ಅಮ್ಮಾ, ಅಪ್ಪ ಟೋಲ್ಡ್ ಮಿ ಎವ್ರಿಥಿಂಗ್. ದಾರಿ ತಪ್ಪಿದ್ದು, ಗ್ರೇಟ್ ಗ್ರ್ಯಾಂಡ್‌ಫಾದರ್ ಹೆಸರು, ನೌ ದಿಸ್. ಮೂರು ಸಲ, ಅಮ್ಮಾ. ನಾನು ಆಸ್ಟಿನ್‌ನಲ್ಲಿ ಮೆಮರಿ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಟ್ವೆಂಟಿ ಫೋರ್ತ್."

"ವಯಸ್ಸಾದಾಗ ಮರೆಯತ್ತೆ ಕಣೆ. ಇದಕ್ಕೆಲ್ಲ ಡಾಕ್ಟರಾ?"

"ಹೀ ಈಸ್ ಸಿಕ್ಸ್ಟಿ ಒನ್. ನಿಂಗೆ ಏನೂ ಅನ್ಸಲ್ವಾ?"

ನನಗೆ ಏನೂ ಅನ್ನಿಸುವುದಿಲ್ಲವಂತೆ. ಹೆತ್ತು, ಸಾಕಿ, ಓದಿಸಿದ್ದಕ್ಕೆ ಈ ಮಾತು. ಸಾರಿಗೆ ಉಪ್ಪು ಹೆಚ್ಚಾಯಿತು. ಅವಳು ಬೇಕೆಂದೇ ಎರಡು ಸಲ ಹೇಳಿದಳು.

ಅಕ್ಟೋಬರ್ 15, ಬುಧವಾರ

ಇವರು ಕಾರಿನ ಕೀ ಕೊಕ್ಕೆಗೆ ನೇತುಹಾಕಿದ್ದಾರೆ. ಹತ್ತು ದಿನದಿಂದ ಮುಟ್ಟಿಲ್ಲ. ಅಂಗಡಿಗೆ ನಾನೇ ಡ್ರೈವ್ ಮಾಡುತ್ತೇನೆ. ಪಕ್ಕದಲ್ಲಿ ಕೂತ ಇವರು ಮುಂದೆ ಬರುವ ತಿರುವುಗಳ ಹೆಸರನ್ನು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಾರೆ, ಪಾಠ ಒಪ್ಪಿಸುವವರ ಹಾಗೆ. ಇಂದು ಸಂಧ್ಯಾವಂದನೆ ಮುಗಿಸಿ ಬಂದು, "ಇವತ್ತು ಮಾಡಿದೆ ಅಲ್ವಾ ನಾನು?" ಎಂದು ಕೇಳಿದರು. ನೀರು ಇನ್ನೂ ಕೈಯಲ್ಲೇ ಇತ್ತು.

ಬಂದೂಕಿನ ಮೇಲಿನ ಕೋಪ ಎಲ್ಲಿ ಹೋಯಿತೋ. ಈಗ ಆ ಟೇಪು ಸುತ್ತಿದ ಬಾಟಲಿಯ ಮೇಲೆ ಕೋಪ. ಒಂದು ಬಾಟಲಿ, ಪ್ಲಾಸ್ಟಿಕ್ಕಿನದು, ಮನುಷ್ಯನನ್ನು ಹೀಗೆ ಮಾಡುತ್ತದೆಯೇ?

ಅಕ್ಟೋಬರ್ 20, ನರಕ ಚತುರ್ದಶಿ

ಅಭ್ಯಂಜನ ಆಯಿತು. ಬಾಗಿಲಿಗೆ ಅಕ್ಕಿಹಿಟ್ಟಿನಲ್ಲಿ ಎರಡು ಗೆರೆ ಎಳೆದೆ. "ರಂಗೋಲಿ ಪುಡಿ ಮುಗೀತಾ?" ಎಂದು ಕೇಳಿದರು. ಹೂಂ ಎಂದೆ.

ದೀಪ ಹಚ್ಚುವಾಗ ದೇವರ ಮುಖ ನೋಡಲಾಗಲಿಲ್ಲ. ಹೊಗೆ ಜಾಸ್ತಿ ಇತ್ತು.

ಅಕ್ಟೋಬರ್ 24, ಶುಕ್ರವಾರ

ಎಲ್ಲ ಬರೆಯುತ್ತೇನೆ.

ಬೆಳಿಗ್ಗೆ ಹೊರಡುವಾಗ ಲಾಂಡ್ರಿ ರೂಮಿಗೆ ಹೋಗಿ, ಆ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಎಂದು ಆಗ ಯೋಚಿಸಲಿಲ್ಲ. ಆಸ್ಟಿನ್‌ವರೆಗೂ ನಾನೇ ಡ್ರೈವ್ ಮಾಡಿದೆ. ಇವರು ಹೊಸ ಅಂಗಿ ಹಾಕಿದ್ದರು, ಇಂಟರ್‌ವ್ಯೂಗೆ ಹೋಗುವವರ ಹಾಗೆ.

ಸುಮೇಧಾ ಕ್ಲಿನಿಕ್ಕಿಗೇ ಬಂದಿದ್ದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಗಡಿಯಾರ ಬರೆಸಿದಳು, ನೂರರಿಂದ ಏಳೇಳು ಕಳೆಸಿದಳು, ಐದು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. ಲೆಕ್ಕ ಎಲ್ಲ ಸರಿ. ಐದು ಪದಗಳಲ್ಲಿ ಮೂರು ಬಂದವು. ಆಮೇಲೆ, ನಿಮಗೇ ಗಾಬರಿಯಾದ ಘಟನೆ ಯಾವುದಾದರೂ ಇದೆಯಾ ಎಂದು ಕೇಳಿದಳು.

ಇವರು ಬೇರೆ ಯಾವುದನ್ನೂ ಹೇಳಲಿಲ್ಲ. ಪುಡಿ ಬೆರೆಸಿದ್ದನ್ನು ಹೇಳಿದರು. ಎಲ್ಲ ಲೆಕ್ಕ ಇಡುವವನು ನಾನು, ಆದರೆ ಆ ಹೊತ್ತು ನನ್ನ ತಲೆಯಿಂದ ಪೂರ್ತಿ ಅಳಿಸಿಹೋಗಿದೆ ಎಂದರು. ಆಕೆ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಟಕಟಕ, ಟಕಟಕ. ಅಷ್ಟು ಬರೆಯುವುದು ಏನಿದೆ ಇವಳಿಗೆ ಎಂದು ಸಿಟ್ಟು ಬಂತು. ಬೇಡವಾದದ್ದನ್ನೆಲ್ಲ ಬರೆಯುತ್ತಿದ್ದಾಳೆ, ಸುಳ್ಳು ಬರೆಯುತ್ತಿದ್ದಾಳೆ.

"ನಿಲ್ಸಿ," ಎಂದೆ. ಕನ್ನಡದಲ್ಲೇ ಎಂದೆ. ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ.

ಅರ್ಧ ಹರಿದ ಲೇಬಲ್ಲು, ಅದರ ಮೇಲೆ ಬಂದೂಕು ಪುಡಿಯ ಹೆಸರು, ಒಳಗೆ ಬಿಳಿ ಪುಡಿ. ಡಾಕ್ಟರಮ್ಮ ಕುರ್ಚಿ ಹಿಂದಕ್ಕೆ ಸರಿಸಿದಳು.

"ಅಮ್ಮಾ, ಕ್ಲಿನಿಕ್‌ಗೆ ಇದನ್ನ ತಂದಿದ್ಯಾ? ಆರ್ ಯು ಕ್ರೇಜಿ?" ಎಂದಳು ಸುಮೇಧಾ.

"ರಂಗೋಲಿ ಕಣೆ. ರಂಗೋಲಿ ಅಂತ ಹೇಳು ಅವಳಿಗೆ. ಪುಡಿ ಬೆರೆಸಿದ್ದು ನಾನು ಅಂತಾನೂ ಹೇಳು. ಆಯುಧ ಪೂಜೆಗೆ ಗುಡಿಸುವಾಗ. ನಿಮ್ಮಪ್ಪ ಏನೂ ಮರೆತಿಲ್ಲ, ನಾನೇ ಹೇಳಿಲ್ಲ. ಇಪ್ಪತ್ತು ದಿನ ಹೇಳಿಲ್ಲ. ಅಳಿಸು ಅನ್ನು ಅದನ್ನ."

ಸುಮೇಧಾ ಹೇಳಿದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಇವರು ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿ, ಒಳಗೆ ನೋಡಿ, ಮತ್ತೆ ಮುಚ್ಚಿದರು. ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದರು.

ಡಾಕ್ಟರಮ್ಮ ಅಳಿಸಿದಳು. ಆದರೆ ಮೂರು ಪದದ ವಿಷಯ ಅಳಿಸಲಿಲ್ಲ. ಈಗಲೇ ಏನೂ ಹೇಳುವ ಹಾಗಿಲ್ಲ, ಸ್ಕ್ಯಾನ್ ಆಗಲಿ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಎಂದಳು. ಪಿಸ್ತೂಲುಗಳಿಗೆ ಬೀಗ ಹಾಕಿ ಕೀ ಬೇರೆಯವರ ಹತ್ತಿರ ಇರಲಿ ಎಂದಳು.

ವಾಪಸ್ಸೂ ನಾನೇ ಡ್ರೈವ್ ಮಾಡಿದೆ. ಇವರು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಗಿಡ್ಡಿಂಗ್ಸ್ ಊರು ದಾಟಿದ ಮೇಲೆ ಕೇಳಿದರು. "ಹಾಗಾದ್ರೆ ಅವತ್ತು ಗ್ರ್ಯಾಂಡ್ ಪಾರ್ಕ್‌ವೇ ತಪ್ಪಿದ್ದು? ನೀನೇನಾದ್ರೂ ಮಾತಾಡಿಸಿದ್ಯಾ ಆಗ?"

ಹೌದು ಎನ್ನಬಹುದಿತ್ತು. ಎಷ್ಟು ಆಸೆಯಿಂದ ಕೇಳಿದರು. ಮೂವತ್ತು ವರ್ಷದಲ್ಲಿ ನನ್ನಿಂದ ಏನನ್ನೂ ಹಾಗೆ ಕೇಳಿರಲಿಲ್ಲ. ಆದರೆ ಒಂದು ಸುಳ್ಳಿನಿಂದ ಈಗಷ್ಟೇ ಎದ್ದು ಬಂದಿದ್ದೆ.

"ಇಲ್ಲ ರೀ. ಅದು ನೀವೇ. ಮುತ್ತಾತನ ಹೆಸರೂ ನೀವೇ ಮರ್ತಿದ್ದು."

"ಹೂಂ," ಎಂದರು. ಹೊರಗೆ ನೋಡುತ್ತಾ ಕೂತರು. "ಒಂದೂವರೆ ವರ್ಷದಿಂದ ನನಗೆ ಗೊತ್ತು ನಳಿನಿ. ಆಫೀಸಲ್ಲೇ ಶುರುವಾಗಿತ್ತು. ಅದಕ್ಕೇ ಬೇಗ ಬಿಟ್ಟೆ. ಈ ಗುಂಡು ತುಂಬೋ ಕೆಲಸದಲ್ಲಿ ಪ್ರತಿಯೊಂದಕ್ಕೂ ಪುಸ್ತಕ ಇದೆ, ತೂಕ ಇದೆ. ಬರೆದಿಟ್ಟುಕೊಂಡು ಮಾಡಿದ್ರೆ ತಪ್ಪಾಗಲ್ಲ ಅಂತ ಹಿಡಿದೆ. ಮೂರು ಪುಡಿ ಇದ್ರೆ ಯಾವತ್ತೋ ಒಂದು ದಿನ ಅದಲುಬದಲು ಮಾಡ್ತೀನಿ. ಒಂದೇ ಇದ್ರೆ ಅದಲುಬದಲು ಮಾಡಕ್ಕೆ ಇನ್ನೊಂದು ಇರಲ್ಲ. ಅದಕ್ಕೇ ಹುಡುಕ್ತಿದ್ದೆ."

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ನನಗೆ ಒಂದು ಮಾತು ಹೇಳದೆ ಒಂದೂವರೆ ವರ್ಷ. ಕೋಪ ನೆತ್ತಿಗೇರಿತು. "ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೂಗಿದೆ.

"ನೀನು ಯಾಕೆ ಹೇಳ್ಲಿಲ್ಲ?" ಎಂದರು.

ಲಾರಿಗಳು ಹೋಗುತ್ತಿದ್ದವು, ಕಾರು ಅಲುಗುತ್ತಿತ್ತು. ಫ್ಲಾಸ್ಕಿನಲ್ಲಿದ್ದ ಕಾಫಿ ಕುಡಿದು ಹೊರಟೆವು.

ಅಕ್ಟೋಬರ್ 27, ಸೋಮವಾರ

ಮೂರು ದಿನವಾಯಿತು, ಇವರು ನನ್ನೊಡನೆ ಅಗತ್ಯವಿದ್ದಷ್ಟೇ ಮಾತು. ಮಾತು ಬಿಟ್ಟವರ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಈ ಸಲ ನನಗೆ ಹಕ್ಕಿಲ್ಲ. ಅದೇ ದೊಡ್ಡ ಕೋಪ.

ಸಂಜೆ ಬೆರೆತ ಪುಡಿಯನ್ನು ಹಿತ್ತಿಲಿನ ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿ ನೀರು ಬಿಟ್ಟರು. ಗೊಬ್ಬರವಾಗುತ್ತದಂತೆ. "ತುಳಸಿ ಹತ್ರ ಬೇಡ" ಎಂದೆ. "ಗೊತ್ತು" ಎಂದರು. ಈ ಸಲ ಗೊತ್ತಿತ್ತು.

ಪಿಸ್ತೂಲಿನ ಪೆಟ್ಟಿಗೆಯ ಕೀ ತಂದು ದೇವರ ಮನೆಯಲ್ಲಿ, ಗಂಟೆಯ ಪಕ್ಕ ಇಟ್ಟರು. ತೆಗೆದು ನನ್ನ ಗೊಂಚಲಿಗೆ ಹಾಕಿಕೊಂಡೆ.

ನವೆಂಬರ್ 2, ಭಾನುವಾರ

ಪ್ರಭಂಜನ ಅವರಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿಲ್ಲ. ಅವರು "ಇರಲಿ ಬಿಡ್ರಿ ವೈನಿ" ಎಂದದ್ದು ಬೈದದ್ದಕ್ಕಿಂತ ಕಷ್ಟವಾಯಿತು. ನಂತರ ಕೇಳಿದೆ, ನೀವು ಹೇಳುವ ಚಿಟಿಕೆ ಪುಡಿಯನ್ನು ಮರೆತು ಎರಡು ಸಲ ಹಾಕಿದರೆ ಏನಾಗುತ್ತದೆ?

"ಹಾರಿಸಿದ್ರ ಪಿಸ್ತೂಲು ಒಡೀತದ ವೈನಿ. ಒಂಬತ್ತರ ಕೇಸ್ ಸಣ್ಣದು, ಅದರಾಗ ಕಂಡರೂ ಕಾಣ್ತದ. ಮೂವತ್ತೆಂಟರದು ಉದ್ದ ನೋಡ್ರಿ. ಎರಡು ಸಲ ಹಾಕಿದ್ರೂ ತಳದಾಗ ಕೂತಿರ್ತದ. ಗೊತ್ತಾಗೂದಿಲ್ಲ."

"ಗೊತ್ತಾಗದೆ ಇರೋದನ್ನ ಇವರಿಗೆ ಯಾಕೆ ಕೊಡಿಸ್ತಿದ್ರಿ?"

"ಅದು ಭಾಳ ದಿನ ಬರ್ತದ ಅಂತ ವೈನಿ."

"ನಮಗೆ ಬಹಳ ದಿನ ಬರಬೇಕಾದ್ದು ಪುಡಿ ಅಲ್ಲ," ಎಂದೆ. ಎಚ್ಚರ ತಪ್ಪಿಸುವ ಡಾಕ್ಟರಿಗೆ ಎಚ್ಚರ ಬಂತು.

ಪುಡಿಗಳ ವಿವರವೆಲ್ಲ ಇರುವ ಇವರ ದಪ್ಪ ಪುಸ್ತಕ ತೆಗೆದು ಊಟದ ಮೇಜಿನ ಮೇಲೆ ಹರಡಿದೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ಇದರಲ್ಲಿ ರವೆ ಥರದ್ದು ಯಾವುದು, ಅವಲಕ್ಕಿ ಥರದ್ದು ಯಾವುದು, ಹೇಳಿ" ಎಂದೆ. ಮೊದಲು ಅರ್ಥವಾಗಲಿಲ್ಲ ಇವರಿಗೆ.

"ಲೋಟಕ್ಕೆ ಒಂದು ಹಿಡಿ ರವೆ ಹಾಕಿದ್ರೆ ತಳದಲ್ಲಿ ಕೂರತ್ತೆ, ಇನ್ನೊಂದು ಹಿಡಿ ಹಾಕಿದ್ರೂ ಕೂರತ್ತೆ. ಅವಲಕ್ಕಿ ಒಂದೇ ಹಿಡಿಗೆ ಮುಕ್ಕಾಲು ಲೋಟ. ಎರಡನೇ ಸಲ ಹಾಕಿದ್ರೆ ಹೊರಗೆ ಚೆಲ್ಲತ್ತೆ. ಮೂರಕ್ಕೂ ಆಗಬೇಕು, ಎರಡು ಸಲ ಹಾಕಿದ್ರೆ ಚೆಲ್ಲಬೇಕು. ಅಂಥದ್ದು ಹುಡುಕಿ."

ಇವರು ನನ್ನನ್ನೇ ನೋಡಿದರು. ಹತ್ತು ದಿನದಲ್ಲಿ ಮೊದಲ ಸಲ ಸರಿಯಾಗಿ ನೋಡಿದರು. "ಹಗುರ ಪುಡಿ. ಪುಡಿ ಅಳೆಯೋ ಮೆಷಿನ್ನಲ್ಲಿ ಸರಾಗ ಬೀಳಲ್ಲ, ಸಿಕ್ಕಿಹಾಕ್ಕೊಳ್ಳತ್ತೆ. ಒಂದೊಂದೇ ಚಮಚದಲ್ಲಿ ತೂಗಿ ಹಾಕಬೇಕು. ಬಹಳ ನಿಧಾನ."

"ನಮಗೇನು ಬಸ್ಸು ಹಿಡೀಬೇಕಾ?"

ನವೆಂಬರ್ 15, ಶನಿವಾರ

ಪುಡಿ ಬಂದಿದೆ. ಒಂದೇ ಬಾಟಲಿ. ಮೇಜಿನ ಮೇಲೆ ಬೇರೆ ಯಾವ ಪುಡಿಯೂ ಇರಕೂಡದು ಎಂದು ನಾನು ನಿಯಮ ಮಾಡಿದ್ದೇನೆ. ಇವರದೂ ಅದೇ ನಿಯಮವಾಗಿತ್ತಂತೆ, ಮೊದಲಿನಿಂದಲೂ. ಇರಲಿ, ಈಗ ನನ್ನದು. ಹಿತ್ತಿಲಿನಲ್ಲಿ ಪುಡಿ ಉದುರಿಸಿದ ಕಡೆ ಹುಲ್ಲು ಒಂದು ಪಟ್ಟಿ ಮಾತ್ರ ಕಡುಹಸಿರು. ಕಸ ಎಸೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ಮೈ ಉರಿಯುತ್ತದೆ.

ಬೆಳಿಗ್ಗೆ ಪೂಜೆ ಮುಗಿಸಿ ಗರಾಜಿನಲ್ಲಿ ಕೂತೆವು. ಮರದ ಹಲಗೆಯ ಗುಳಿಗಳಲ್ಲಿ ಮೂವತ್ತೆಂಟರ ಐವತ್ತು ಕೇಸ್ ನಿಲ್ಲಿಸಿದ್ದರು. ಇವರು ತೂಗಿ ಹಾಕುವುದು, ನಾನು ಟಾರ್ಚ್ ಹಿಡಿದು ಒಂದೊಂದರ ಒಳಗೂ ಇಣುಕುವುದು. ಕಣ್ಣು ಉರಿಯುತ್ತದೆ, ಸೊಂಟ ಹಿಡಿಯುತ್ತದೆ. ಈ ಹಾಳು ಬಂದೂಕುಗಳನ್ನು ಕಂಡುಹಿಡಿದವನ ವಂಶಕ್ಕೆಲ್ಲ ಶಾಪ ಹಾಕುತ್ತಾ ಇಣುಕಿದೆ. ಹದಿನೈದರ ಹೊತ್ತಿಗೆ ಇವರು, "ಸ್ವಲ್ಪ ಮೆಲ್ಲಗೆ ಬೈಯಿ, ಎಣಿಕೆ ತಪ್ಪತ್ತೆ" ಎಂದರು.

ಮೂವತ್ತೊಂದನೆಯದು ಆಯಿತು. ಇವರು ಚಮಚ ತುಂಬಿಸಿ, ತೂಗಿ, ಮತ್ತೆ ಅದೇ ಮೂವತ್ತೊಂದರ ಮೇಲೆ ಕೈ ತಂದರು. ನನಗೆ ಕಂಡಿತು. ಬಾಯಿ ತೆರೆದೆ, ಆದರೆ ತಡೆದುಕೊಂಡೆ. ಸುರಿದರು. ಕರಿಯ ಪುಡಿ ಅಂಚಿನವರೆಗೆ ಏರಿ, ಉಕ್ಕಿ, ಹಲಗೆಯ ಮೇಲೆಲ್ಲ ಚೆಲ್ಲಿತು.

ಇಬ್ಬರೂ ನೋಡಿದೆವು. ಇವರ ಕೈ ಚಮಚದ ಸಮೇತ ಅಲ್ಲೇ ನಿಂತಿತ್ತು.

"ಚೆಲ್ತು," ಎಂದರು.

"ಚೆಲ್ಲಲಿ ಅಂತಾನೇ ತಂದಿದ್ದು," ಎಂದೆ. ಸಣ್ಣ ಬ್ರಶ್ಶಿನಿಂದ ಚೆಲ್ಲಿದ್ದನ್ನು ಒಟ್ಟು ಮಾಡಿದೆ, ಆ ಕೇಸನ್ನು ಖಾಲಿ ಮಾಡಿ ಅದರ ಗುಳಿಯಲ್ಲೇ ನಿಲ್ಲಿಸಿದೆ. "ಮೂವತ್ತೊಂದು. ಹಾಕಿ."